ಹಳಿ ಬದಲಾಗುವ ಮುನ್ನ: ಬೆಂಗಳೂರು–ಕೋಲಾರ ಸೀಮೆಯ ನ್ಯಾರೋಗೇಜ್ ರೈಲುಮಾರ್ಗ ಮತ್ತು ಛಾಯಾದಾಖಲೆಯ ಪ್ರಶ್ನೆ

ಪಶ್ಚಿಮ ಬೆಂಗಳೂರಿನ ಮಹಾಲಕ್ಷ್ಮಿ ಲೇಔಟ್, ಕುರುಬರಹಳ್ಳಿ, ಕೇತಮಾರನಹಳ್ಳಿಗಳ ಬಡಾವಣೆಗಳಿಗೆ ಹತ್ತಿರದಲ್ಲೇ ಯಶವಂತಪುರದ ರೈಲು ಆವರಣವಿದೆ. 1957ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಈ ಭಾಗಕ್ಕೆ ಬಂದು ನೆಲೆಸಿತು. 2014ರಲ್ಲಿ ಮೆಟ್ರೊ ಸಂಚಾರ ಆರಂಭವಾದಾಗ ಮಹಾಲಕ್ಷ್ಮಿ, ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಯಶವಂತಪುರ ಎಂಬ ಹೆಸರುಗಳು ಒಂದರ ಹಿಂದೊಂದು ನಿಲ್ದಾಣಗಳಾಗಿ ಸಾಲುಗೂಡಿದವು. ನಗರದ ಇಂದಿನ ನಿವಾಸಿಗೆ ಯಶವಂತಪುರವೆಂದರೆ ದೂರದ ಊರುಗಳಿಗೆ ಹೊರಡುವ ರೈಲುಗಳ ನಿಲ್ದಾಣ, ಈರುಳ್ಳಿ ಆಲೂಗೆಡ್ಡೆಗಳ ಸಗಟು ಮಾರುಕಟ್ಟೆ. ಆದರೆ ಇದೇ ಯಶವಂತಪುರದ ಮೂಲಕ ಇಪ್ಪತ್ತನೆಯ ಶತಮಾನದ ಬಹುಭಾಗ ಒಂದು ಪುಟ್ಟ ರೈಲುಮಾರ್ಗ ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರಗಳನ್ನು ಸುತ್ತಿ ಬಂಗಾರಪೇಟೆಯನ್ನು ಮುಟ್ಟುತ್ತಿತ್ತು. ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್ ಅಗಲದ ಆ ಹಳಿ ಈಗಿಲ್ಲ. ಅದರ ಜಾಗದಲ್ಲಿ 1,676 ಮಿಲಿಮೀಟರಿನ ಬ್ರಾಡ್‌ಗೇಜ್ ಹಳಿ ಬಂದಿದೆ.

ಒಂದು ಗ್ರಾಮೀಣ ರೈಲುಮಾರ್ಗ ಮುಚ್ಚುವ ಮುನ್ನ ಅದನ್ನು ಛಾಯಾಚಿತ್ರದಲ್ಲಿ ಹಿಡಿದಿಡುವುದು ಲೋಕದ ಅನೇಕ ಕಡೆ ಒಂದು ರೂಢಿಯಾಗಿ ಬೆಳೆದಿದೆ. ಈ ರೂಢಿಯಿಂದ ಉಳಿಯುವುದೇನು, ಅಳಿಯುವುದೇನು ಎಂಬುದನ್ನು ಮೇಲಿನ ನ್ಯಾರೋಗೇಜ್ ಮಾರ್ಗದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ರೈಲ್ವೆ ಇತಿಹಾಸವನ್ನು ಎಂಜಿನ್ ಮತ್ತು ಕಟ್ಟಡಗಳ ಇತಿಹಾಸವೆಂದೂ ಜಾನಪದವನ್ನು ನೇಗಿಲು ಬೀಸುಕಲ್ಲುಗಳ ಲೋಕವೆಂದೂ ಬೇರ್ಪಡಿಸಿ ನೋಡಿದ ಪರಿಣಾಮವಾಗಿ, ಈ ಎರಡರ ನಡುವೆ ಬದುಕಿದ ಸರಕು ಕೆಲಸಗಾರರ ಲೋಕ ಯಾವ ಸಂಗ್ರಹಕ್ಕೂ ಸೇರದೆ ಉಳಿದಿದೆ ಎಂಬುದು ಇಲ್ಲಿ ಮಂಡಿಸುವ ಮುಖ್ಯ ವಿಚಾರ.

ಮಾರ್ಗದ ಹಿನ್ನೆಲೆ

ಮೈಸೂರು ಸೀಮೆಗೆ ರೈಲು ಮೊದಲು ಬಂದದ್ದು ಮದರಾಸಿನ ಕಡೆಯಿಂದ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡುಪ್ರದೇಶದವರೆಗೆ ಬ್ರಾಡ್‌ಗೇಜ್ ಮಾರ್ಗ ತೆರೆಯಿತು. ಆ ಮಾರ್ಗದ ಒಂದು ನಿಲ್ದಾಣಕ್ಕೆ 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೆಂಥಮ್ ಬೌರಿಂಗನ ಹೆಸರಿನಿಂದ ಬೌರಿಂಗ್‌ಪೇಟೆ ಎಂಬ ಹೆಸರಾಯಿತು. ಜನರ ನಾಲಗೆಯಲ್ಲಿ ಅದು ಬಂಗಾರಪೇಟೆಯಾದದ್ದು ಸ್ಥಳನಾಮಗಳ ಅಧ್ಯಯನಕ್ಕೆ ಸೊಗಸಾದ ಉದಾಹರಣೆ. ಅಧಿಕಾರಿಯ ಹೆಸರು ಸವೆದು, ಪಕ್ಕದ ಚಿನ್ನದ ಗಣಿಯ ಅರ್ಥ ಅದರೊಳಗೆ ಬಂದು ಕುಳಿತಿದೆ. 1894ರಲ್ಲಿ ಇದೇ ನಿಲ್ದಾಣದಿಂದ ಕೋಲಾರದ ಚಿನ್ನದ ಗಣಿಗಳಿಗೆ ಕವಲುಮಾರ್ಗ ಹೊರಟಿತು.

ಬೆಂಗಳೂರಿನ ಪಶ್ಚಿಮ ಮತ್ತು ಉತ್ತರ ದಿಕ್ಕುಗಳಲ್ಲಿ ಬೇರೆಯೇ ಗೇಜು ಬೆಳೆಯಿತು. 1876–78ರ ಭೀಕರ ಕ್ಷಾಮದ ಅನುಭವವು ಸಂಸ್ಥಾನದ ಒಳನಾಡಿಗೆ ಧಾನ್ಯ ಸಾಗಿಸುವ ರೈಲು ಬೇಕೆಂಬುದನ್ನು ಆಡಳಿತಕ್ಕೆ ಮನಗಾಣಿಸಿತು. ಮೈಸೂರಿನ ಕಡೆಗೂ, 1884ರ ವೇಳೆಗೆ ಯಶವಂತಪುರದ ಮೂಲಕ ತುಮಕೂರಿನ ಕಡೆಗೂ, ತೊಂಬತ್ತರ ದಶಕದ ಆರಂಭದಲ್ಲಿ ಯಲಹಂಕದ ಮೂಲಕ ಹಿಂದೂಪುರದ ಕಡೆಗೂ ಮೀಟರ್‌ಗೇಜ್ ಹಳಿಗಳು ಹಬ್ಬಿದವು. ಹೀಗೆ ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಕೋಲಾರ ಸೀಮೆಯ ದಕ್ಷಿಣದಲ್ಲಿ ಬ್ರಾಡ್‌ಗೇಜ್, ಪಶ್ಚಿಮದಲ್ಲಿ ಮೀಟರ್‌ಗೇಜ್ ಇದ್ದವು. ನಡುವಿನ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ ತಾಲೂಕುಗಳಿಗೆ ಮಾತ್ರ ಎತ್ತಿನ ಗಾಡಿಯೇ ಗತಿಯಾಗಿತ್ತು.

ಈ ನಡುವಣ ಭಾಗವನ್ನು ಕಡಿಮೆ ಖರ್ಚಿನಲ್ಲಿ ತಲಪಲು ಆರಿಸಿಕೊಂಡದ್ದು ನ್ಯಾರೋಗೇಜ್. ಬಂಗಾರಪೇಟೆಯಿಂದ ಕೋಲಾರದ ಕಡೆಗೆ ಹಾಕಿದ ಹಳಿ 1913ರ ಸುಮಾರಿಗೆ ಬಳಕೆಗೆ ಬಂದಿತು. ಬೆಂಗಳೂರಿನ ಕಡೆಯಿಂದ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಎಂಬ ಖಾಸಗಿ ಕಂಪನಿ 1915ರಲ್ಲಿ ಮಾರ್ಗ ತೆರೆಯಿತು. ಆ ದಶಕ ಮುಗಿಯುವಷ್ಟರಲ್ಲಿ ಎರಡು ತುದಿಗಳು ಕೂಡಿಕೊಂಡವು. ಇದು ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912–1918ರ ಅವಧಿಯೂ ಹೌದು. ಜಿಲ್ಲೆಯ ಪೇಟೆಗಳನ್ನು ರಾಜಧಾನಿಯ ಮಾರುಕಟ್ಟೆಗೆ ಜೋಡಿಸಬೇಕೆಂಬ ಆ ಕಾಲದ ಆರ್ಥಿಕ ಚಿಂತನೆಯ ಫಲವಾಗಿ ಇಂಥ ಲಘು ರೈಲುಮಾರ್ಗಗಳನ್ನು ನೋಡಬೇಕು.

ಬೆಂಗಳೂರಿನಿಂದ ಬಂಗಾರಪೇಟೆಗೆ ಬ್ರಾಡ್‌ಗೇಜಿನಲ್ಲಿ ಸುಮಾರು 70 ಕಿಲೋಮೀಟರ್ ದೂರ. ನ್ಯಾರೋಗೇಜಿನಲ್ಲಿ ಯಲಹಂಕದಿಂದ ಹೊರಟರೂ ಸುಮಾರು 150 ಕಿಲೋಮೀಟರ್ ಆಗುತ್ತಿತ್ತು. ಎರಡು ಊರುಗಳನ್ನು ಬೇಗ ಸೇರಿಸುವುದು ಈ ಮಾರ್ಗದ ಗುರಿಯಾಗಿರಲಿಲ್ಲ ಎಂಬುದಕ್ಕೆ ಈ ಅಂತರವೇ ಸಾಕ್ಷಿ. ಸಂತೆಯಿಂದ ಸಂತೆಗೆ, ಮಂಡಿಯಿಂದ ಮಂಡಿಗೆ ಬಿಲ್ಲಿನಂತೆ ಬಾಗಿ ಸಾಗುವುದೇ ಅದರ ಸ್ವಭಾವ. ದಾರಿಯ ಊರುಗಳನ್ನು ನೋಡಿದರೆ ಸಾಕು, ಸರಕಿನ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ: ಬೆಟ್ಟಹಲಸೂರಿನ ಕಲ್ಲು, ದೇವನಹಳ್ಳಿಯ ಚಕ್ಕೋತ, ಚಿಕ್ಕಬಳ್ಳಾಪುರದ ಆಲೂಗೆಡ್ಡೆ, ಶಿಡ್ಲಘಟ್ಟದ ರೇಷ್ಮೆ, ಚಿಂತಾಮಣಿಯ ಕಡಲೆಕಾಯಿ, ಶ್ರೀನಿವಾಸಪುರದ ಮಾವು. ಇವೆಲ್ಲವೂ ಎಲ್ಲ ಕಾಲದಲ್ಲೂ ರೈಲಿನಲ್ಲೇ ಹೋದವೆಂದಲ್ಲ. ಆದರೆ ಇಂಥ ಫಸಲುಗಳ ಸೀಮೆಯ ನಡುವೆ ಹಳಿ ಹಾದಿತ್ತೆಂಬುದು ಅದರ ಸರಕುಮುಖವನ್ನು ತೋರಿಸುತ್ತದೆ.

ಮೂರು ಗೇಜುಗಳ ಗಡಿಯಲ್ಲಿ

ಈ ಮಾರ್ಗದ ಜೀವಾಳವಿದ್ದದ್ದು ಅದರ ಎರಡು ತುದಿಗಳಲ್ಲಿ. ಬಂಗಾರಪೇಟೆಯಲ್ಲಿ ನ್ಯಾರೋಗೇಜ್ ಮುಗಿದು ಬ್ರಾಡ್‌ಗೇಜ್ ಆರಂಭವಾಗುತ್ತಿತ್ತು. ಬೆಂಗಳೂರಿನ ಕಡೆ ಅದು ಮೀಟರ್‌ಗೇಜನ್ನು ಎದುರಾಗುತ್ತಿತ್ತು. ಒಂದು ಗೇಜಿನ ವ್ಯಾಗನ್ ಇನ್ನೊಂದು ಗೇಜಿನ ಹಳಿಯ ಮೇಲೆ ಓಡಲಾರದು. ಆದ್ದರಿಂದ ಚಿಂತಾಮಣಿಯಲ್ಲಿ ಏರಿದ ಮೂಟೆ ಮದರಾಸಿಗೆ ಹೋಗಬೇಕಾದರೆ ಬಂಗಾರಪೇಟೆಯಲ್ಲಿ ಪುಟ್ಟ ವ್ಯಾಗನ್ನಿನಿಂದ ಇಳಿದು ದೊಡ್ಡ ವ್ಯಾಗನ್ನಿಗೆ ಏರಬೇಕಿತ್ತು. ತುಮಕೂರು, ಅರಸೀಕೆರೆಗಳ ಕಡೆಗೆ ಹೋಗುವ ಸರಕಿಗೂ ಬೆಂಗಳೂರಿನ ಕಡೆಯ ತುದಿಯಲ್ಲಿ ಇದೇ ಗತಿ. ಹೊರಗಿನಿಂದ ಒಳಗೆ ಬರುವ ಉಪ್ಪು, ಗೊಬ್ಬರ, ಸಿಮೆಂಟು, ಸೀಮೆಎಣ್ಣೆಯಂಥ ವಸ್ತುಗಳಿಗೆ ಇದರ ಮರುಪ್ರಯಾಣ.

ದೊಡ್ಡ ಗೇಜಿನ ಒಂದು ವ್ಯಾಗನ್ನಿನ ಸರಕು ಚಿಕ್ಕ ಗೇಜಿನ ಒಂದು ವ್ಯಾಗನ್ನಿಗೆ ಹಿಡಿಸುತ್ತಿರಲಿಲ್ಲ. ಎಣಿಕೆ ತಪ್ಪದಂತೆ, ಒಬ್ಬ ವರ್ತಕನ ಮಾಲು ಇನ್ನೊಬ್ಬನದರೊಂದಿಗೆ ಬೆರೆಯದಂತೆ, ಒಡೆಯುವುದು ಕೆಳಗೆ ಬೀಳದಂತೆ, ಮಳೆಗೆ ನೆನೆಯದಂತೆ ಇಷ್ಟನ್ನೂ ಸಾಗಿಸಿದ್ದು ಮನುಷ್ಯರ ಹೆಗಲು ಮತ್ತು ಬೆನ್ನು. ಒಂದು ಗೋಣಿಚೀಲ ಒಂದು ಕ್ವಿಂಟಾಲಿನಷ್ಟು ತೂಗಬಹುದು. ಇಬ್ಬರು ಎತ್ತಿ ಮೂರನೆಯವನ ಬೆನ್ನಿಗೆ ಕೊಡುವುದು, ಹಲಗೆಯ ಮೇಲೆ ಹೆಜ್ಜೆ ತಪ್ಪದೆ ಹತ್ತುವುದು, ಚೀಲ ಹರಿಯದಂತೆ ಕೊಕ್ಕೆ ಹಾಕುವುದು, ಗೋಡೆಯಂತೆ ಅಟ್ಟಿ ಒಟ್ಟುವುದು – ಇವು ಪುಸ್ತಕದಿಂದ ಕಲಿಯುವ ವಿದ್ಯೆಗಳಲ್ಲ. ಕೂಗಿನ ಲಯಕ್ಕೆ ದೇಹವನ್ನು ಹೊಂದಿಸಿ ಹಿರಿಯರಿಂದ ಕಿರಿಯರು ಕಲಿತವು. ಜಾನಪದ ಅಧ್ಯಯನವು ಕುಂಬಾರನ ತಿಗರಿಯನ್ನೂ ನೇಕಾರನ ಮಗ್ಗವನ್ನೂ ಯಾವ ಅರ್ಥದಲ್ಲಿ ಪರಂಪರಾಗತ ಜ್ಞಾನವೆನ್ನುವುದೋ ಅದೇ ಅರ್ಥದಲ್ಲಿ ಇದೂ ಪರಂಪರಾಗತ ಜ್ಞಾನ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಸ್ಟೇಷನ್ ಮಾಸ್ಟರ್, ಗಾರ್ಡ್, ಡ್ರೈವರ್, ಪಾಯಿಂಟ್ಸ್‌ಮನ್, ಗ್ಯಾಂಗ್‌ಮನ್ ಮೊದಲಾದವರು ರೈಲ್ವೆಯ ನೌಕರರು. ಅವರ ನೇಮಕ, ವರ್ಗಾವಣೆ, ನಿವೃತ್ತಿಗಳು ಕಡತಗಳಲ್ಲಿ ಇರುತ್ತವೆ. ಸರಕು ಇಳಿಸಿ ಏರಿಸುವ ಹಮಾಲರು ಸಾಮಾನ್ಯವಾಗಿ ಗುತ್ತಿಗೆದಾರರ ಕೈಕೆಳಗೆ, ಇಲ್ಲವೆ ವರ್ತಕರ ಲೆಕ್ಕದಲ್ಲಿ ದುಡಿದವರು. ಕೂಲಿ ಚೀಲದ ಲೆಕ್ಕದಲ್ಲಿ. ಹಾಜರಿ ಪುಸ್ತಕ ಇದ್ದರೂ ಅದು ಗುತ್ತಿಗೆದಾರನ ಮನೆಯಲ್ಲಿ. ರೈಲ್ವೆಯ ಮಟ್ಟಿಗೆ ಅವರು ಇಷ್ಟು ಟನ್ ಸಾಗಾಣಿಕೆಯ ವೆಚ್ಚ ಎಂಬ ಒಂದು ಸಾಲು ಮಾತ್ರ. ಮಾರ್ಗ ಮುಚ್ಚಿದಾಗ ನೌಕರನಿಗೆ ಬೇರೆ ಊರಿನ ಹುದ್ದೆ ದೊರೆತರೆ, ಹಮಾಲನಿಗೆ ದೊರೆತದ್ದು ಲಾರಿ ನಿಲ್ದಾಣದ ದಾರಿ. ಹೀಗೆ ಬರಹದ ದಾಖಲೆಯಿಂದ ಹೊರಗುಳಿದವರ ಪಾಲಿಗೆ ಛಾಯಾಚಿತ್ರ ಮತ್ತು ಮಾತು ಎರಡೇ ಆಕರಗಳು. ಮುಚ್ಚುವ ಮುನ್ನ ತೆಗೆಯುವ ಚಿತ್ರ ಇಂಥ ಕಡೆ ನೆನಪಿನ ಅಲಂಕಾರವಾಗಿ ಉಳಿಯದೆ, ಒಂದು ಸಮುದಾಯ ಅಲ್ಲಿ ಇತ್ತು ಎಂಬುದಕ್ಕೆ ಪುರಾವೆಯಾಗುತ್ತದೆ.

ಹಂತಹಂತದ ಮುಕ್ತಾಯ

ಮೈಸೂರು ಸಂಸ್ಥಾನದ ರೈಲ್ವೆ 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು. 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ನೈಋತ್ಯ ರೈಲ್ವೆ ರಚನೆಯಾಯಿತು. ಈ ಎರಡು ಘಟನೆಗಳ ನಡುವಿನ ಅರ್ಧ ಶತಮಾನದಲ್ಲಿ ನ್ಯಾರೋಗೇಜಿನ ಆರ್ಥಿಕ ಆಧಾರ ಕುಸಿಯಿತು. ರಸ್ತೆಗಳು ಸುಧಾರಿಸಿದಂತೆ ಲಾರಿ ರೈತನ ಹೊಲದ ಅಂಚಿಗೇ ಬಂದು ನಿಂತಿತು. ಮಾವು, ಟೊಮ್ಯಾಟೊಗಳಂಥ ಬೇಗ ಕೆಡುವ ಫಸಲಿಗೆ ಎರಡು ಬಾರಿ ಇಳಿಸಿ ಏರಿಸುವ ವ್ಯವಸ್ಥೆ ಹೊಂದುವಂತಿರಲಿಲ್ಲ. ಪ್ರತಿ ಬದಲಾವಣೆಯಲ್ಲೂ ಕೂಲಿ, ತಡ, ಸೋರಿಕೆಗಳ ನಷ್ಟ ಸೇರುತ್ತಿತ್ತು. ಹಮಾಲರಿಗೆ ಅನ್ನವಾದ ಗೇಜಿನ ಗಡಿಯೇ ಮಾರ್ಗಕ್ಕೆ ಮುಳುವಾದದ್ದು ಈ ಇತಿಹಾಸದ ವಿಪರ್ಯಾಸ.

1992ರಲ್ಲಿ ಭಾರತೀಯ ರೈಲ್ವೆ ಏಕಗೇಜು ಯೋಜನೆಯನ್ನು ಕೈಗೆತ್ತಿಕೊಂಡಿತು. ಕರ್ನಾಟಕದ ಮೀಟರ್‌ಗೇಜ್ ಮತ್ತು ನ್ಯಾರೋಗೇಜ್ ಮಾರ್ಗಗಳು ಒಂದೊಂದಾಗಿ ಬ್ರಾಡ್‌ಗೇಜ್ ಆಗತೊಡಗಿದವು. ತೊಂಬತ್ತರ ದಶಕದಲ್ಲಿ ಯಲಹಂಕ–ಚಿಕ್ಕಬಳ್ಳಾಪುರ ಮತ್ತು ಬಂಗಾರಪೇಟೆ–ಕೋಲಾರ ಭಾಗಗಳು ಬದಲಾದವು. ಪುಟ್ಟ ಹಳಿ ಉಳಿದದ್ದು ಎರಡರ ನಡುವೆ, ಚಿಕ್ಕಬಳ್ಳಾಪುರ–ಕೋಲಾರದ ಸುಮಾರು 85 ಕಿಲೋಮೀಟರಿನಲ್ಲಿ. ಗೇಜು ಮುರಿಯುವ ಜಾಗ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೂ ಬಂಗಾರಪೇಟೆಯಿಂದ ಕೋಲಾರಕ್ಕೂ ಸರಿಯಿತು. ಆ ನಡುಭಾಗವೂ ಬದಲಾಗಿ 2013ರಲ್ಲಿ ಬ್ರಾಡ್‌ಗೇಜ್ ಸಂಚಾರಕ್ಕೆ ತೆರೆಯಿತು. ಇದರ ನಡುವೆ 2007ರಲ್ಲಿ ಚಿಕ್ಕಬಳ್ಳಾಪುರ ಕೋಲಾರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ, ಆಲೂಗೆಡ್ಡೆಯ ಸೀಮೆಯ ಹಳಿಯ ಪಕ್ಕದಲ್ಲೇ ವಿಮಾನಗಳು ಇಳಿಯತೊಡಗಿದವು.

ಹಳಿ ಕಿತ್ತು ಜಾಗ ಖಾಲಿ ಬಿದ್ದ ಮಾರ್ಗಗಳ ಕಥೆಯೇ ಬೇರೆ. ಇಲ್ಲಿ ರೈಲು ನಿಲ್ಲಲಿಲ್ಲ, ರೂಪ ಬದಲಿಸಿತು. ಊರಿನವರ ದೃಷ್ಟಿಯಲ್ಲಿ ಇದು ಸಾವಲ್ಲ, ಬಡ್ತಿ. ದೊಡ್ಡ ರೈಲಿಗಾಗಿ ಜನರೇ ಬೇಡಿಕೆಯಿಟ್ಟಿದ್ದರು ಎಂಬುದನ್ನು ಮರೆಯಬಾರದು. ಹಾಗಾಗಿಯೇ ಕಳೆದುಹೋದದ್ದು ಯಾರ ಕಣ್ಣಿಗೂ ನಷ್ಟವಾಗಿ ಬೀಳಲಿಲ್ಲ. ಪ್ರಗತಿಯ ಹೆಸರಿನಲ್ಲಿ ಮುಚ್ಚಿದ್ದನ್ನು ದಾಖಲಿಸುವುದು, ದುರಂತದಲ್ಲಿ ಮುಚ್ಚಿದ್ದನ್ನು ದಾಖಲಿಸುವುದಕ್ಕಿಂತ ಕಷ್ಟ. 2001ರಲ್ಲಿ ಕೋಲಾರದ ಚಿನ್ನದ ಗಣಿಗಳು ಮುಚ್ಚಿದಾಗ ಅದರ ನೋವು ಪತ್ರಿಕೆಗಳಲ್ಲೂ ಸಾಹಿತ್ಯದಲ್ಲೂ ಕಾಣಿಸಿಕೊಂಡಿತು. ಅದೇ ಜಿಲ್ಲೆಯ ನ್ಯಾರೋಗೇಜ್ ಗೂಡ್ಸ್ ಶೆಡ್ಡು ನಿಶ್ಶಬ್ದವಾದದ್ದಕ್ಕೆ ಅಂಥ ಧ್ವನಿ ದೊರೆಯಲಿಲ್ಲ.

ಕ್ಯಾಮೆರಾ ಕಂಡದ್ದು, ಕಾಣದ್ದು

ಮುಚ್ಚುವ ರೈಲುಮಾರ್ಗಗಳನ್ನು ಚಿತ್ರಿಸುವ ಉತ್ಸಾಹ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡದ್ದು ಬ್ರಿಟನ್ನಿನಲ್ಲಿ. 1963ರಲ್ಲಿ ಬೀಚಿಂಗ್ ವರದಿ 2,363 ನಿಲ್ದಾಣಗಳನ್ನೂ ಸುಮಾರು 5,000 ಮೈಲಿ ಮಾರ್ಗವನ್ನೂ ಮುಚ್ಚಲು ಸೂಚಿಸಿತು. ಅದರ ಬೆನ್ನಲ್ಲೇ ಹವ್ಯಾಸಿಗಳು ಕ್ಯಾಮೆರಾ ಹಿಡಿದು ಹಳ್ಳಿಯ ಕವಲುಮಾರ್ಗಗಳತ್ತ ಹೊರಟರು. ಸ್ಟೀಮ್ ಎಂಜಿನ್ ಹುಡುಕಿಕೊಂಡು ಮುಂದೆ ಭಾರತಕ್ಕೂ ಬಂದ ಹವ್ಯಾಸಿಗಳು ಇದೇ ಪರಂಪರೆಯವರು. ಭಾರತದ ನ್ಯಾರೋಗೇಜ್ ಮಾರ್ಗಗಳು ತಮ್ಮ ಕೊನೆಯ ದಶಕಗಳಲ್ಲಿ ಇಂಥವರ ಕಣ್ಣಿಗೆ ಬಿದ್ದವು. ಇವರ ಶ್ರಮವಿಲ್ಲದಿದ್ದರೆ ಅನೇಕ ಎಂಜಿನ್ನುಗಳ ರೂಪವೂ ತಿಳಿಯುತ್ತಿರಲಿಲ್ಲ ಎಂಬುದನ್ನು ಕೃತಜ್ಞತೆಯಿಂದ ಒಪ್ಪಬೇಕು.

ಆದರೆ ಈ ಪರಂಪರೆಗೆ ತನ್ನದೇ ಆದ ಒಂದು ವ್ಯಾಕರಣವಿದೆ. ಎಂಜಿನ್ನಿನ ಮುಕ್ಕಾಲು ಭಾಗ ಕಾಣುವಂತೆ ಓರೆಯಾಗಿ ನಿಲ್ಲುವುದು, ಬೆಳಕು ಚಕ್ರಗಳ ಮೇಲೆ ಬೀಳುವಂತೆ ನೋಡಿಕೊಳ್ಳುವುದು, ಚೌಕಟ್ಟಿಗೆ ಜನ ಅಡ್ಡ ಬರದಂತೆ ಕಾಯುವುದು. ಚಿತ್ರದ ಕೆಳಗಿನ ಬರಹದಲ್ಲಿ ಎಂಜಿನ್ನಿನ ವರ್ಗ, ಸಂಖ್ಯೆ, ನಿಲ್ದಾಣ, ದಿನಾಂಕ ಇರುತ್ತವೆ. ಪಕ್ಕದಲ್ಲಿ ನಿಂತ ಮನುಷ್ಯನ ಹೆಸರು ಇರುವುದು ಅಪರೂಪ. ಯಂತ್ರಕ್ಕೆ ಕುಲಗೋತ್ರ ಸಹಿತ ಗುರುತು, ಮನುಷ್ಯನಿಗೆ ಕೂಲಿ ಎಂಬ ಸಾಮಾನ್ಯ ನಾಮ. ಸರಕು ಸಾಗಾಣಿಕೆಯ ಮಾರ್ಗದಲ್ಲಿ ಇದರ ಪರಿಣಾಮ ಇನ್ನೂ ಹೆಚ್ಚು. ಪ್ರಯಾಣಿಕರ ಗಾಡಿ ಹಗಲಿನಲ್ಲಿ ವೇಳಾಪಟ್ಟಿಯಂತೆ ಬರುತ್ತದೆ. ಸರಕಿನ ಕೆಲಸ ನಡೆಯುವುದು ವ್ಯಾಗನ್ ಬಂದಾಗ, ರಾತ್ರಿಯೋ ನಸುಕೋ ಹೇಳಲಾಗದು. ಶೆಡ್ಡಿನೊಳಗೆ ಬೆಳಕು ಕಡಿಮೆ. ಜೊತೆಗೆ ನಮ್ಮ ದೇಶದಲ್ಲಿ ರೈಲ್ವೆ ಆವರಣದಲ್ಲಿ ಚಿತ್ರ ತೆಗೆಯಲು ಅನುಮತಿ ಪಡೆಯಬೇಕಾಗಿದ್ದ ನಿರ್ಬಂಧವೂ ಇತ್ತು. ಅನುಮತಿ ಪಡೆದು ಬಂದವನು ಎಂಜಿನ್ ಬಿಟ್ಟು ಗೋಣಿಚೀಲ ಚಿತ್ರಿಸುವುದು ಸಹಜವಾಗಿ ಕಡಿಮೆ.

ಇದಕ್ಕೆ ಅಪವಾದವಾಗಿ ಅಮೆರಿಕದ ಓ. ವಿನ್‌ಸ್ಟನ್ ಲಿಂಕ್ ಅವರ ಕೆಲಸವನ್ನು ನೋಡಬಹುದು. 1955ರಿಂದ 1960ರವರೆಗೆ ಅವರು ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಯ ಸ್ಟೀಮ್ ಯುಗದ ಕೊನೆಯ ವರ್ಷಗಳನ್ನು ದಾಖಲಿಸಿದರು. ಕತ್ತಲಲ್ಲಿ ಸಾಲುಸಾಲು ಫ್ಲಾಶ್ ಬಲ್ಬುಗಳನ್ನು ಹೂಡಿ ರಾತ್ರಿಯ ರೈಲನ್ನು ಹಿಡಿದದ್ದರಿಂದ ಅವರು ಪ್ರಸಿದ್ಧರು. ಇಲ್ಲಿನ ಚರ್ಚೆಗೆ ಹೆಚ್ಚು ಸಂಬಂಧಿಸಿದ್ದು ವರ್ಜೀನಿಯದ ಅಬಿಂಗ್‌ಡನ್ ಕವಲುಮಾರ್ಗದ ಚಿತ್ರಗಳು. ಸರಕು ಮತ್ತು ಪ್ರಯಾಣಿಕರನ್ನು ಒಟ್ಟಿಗೆ ಒಯ್ಯುತ್ತಿದ್ದ ಆ ಹಳ್ಳಿಯ ಗಾಡಿಯನ್ನು ಲಿಂಕ್ ಒಂಟಿಯಾಗಿ ತೋರಿಸಲಿಲ್ಲ. 1956ರಲ್ಲಿ ಗ್ರೀನ್ ಕೋವ್ ನಿಲ್ದಾಣದಲ್ಲಿ ತೆಗೆದ ಪ್ರಸಿದ್ಧ ಚಿತ್ರದಲ್ಲಿ ರೈಲಿನೆದುರು ಕುದುರೆಗಾಡಿಯೊಂದು ನಿಂತಿದೆ. ಅವರು ಎಂಜಿನ್ನಿನ ಸದ್ದನ್ನೂ ಧ್ವನಿಮುದ್ರಿಸಿ ತಟ್ಟೆಗಳಾಗಿ ಹೊರತಂದರು. ಆ ಕವಲುಮಾರ್ಗ 1977ರಲ್ಲಿ ಮುಚ್ಚಿತು. ಆ ಹೊತ್ತಿಗೆ ಅದು ಚಿತ್ರವಾಗಿಯೂ ಧ್ವನಿಯಾಗಿಯೂ ಉಳಿಯುವ ದಾರಿಯಾಗಿತ್ತು. ಲಿಂಕ್ ಚಿತ್ರಗಳಲ್ಲಿ ದೃಶ್ಯವನ್ನು ಸಜ್ಜುಗೊಳಿಸಿ ತೆಗೆದ ಅಂಶವಿದೆ, ಅದನ್ನು ನೇರ ದಾಖಲೆಯೆಂದು ಒಪ್ಪಲು ಜಾನಪದ ಸಂಶೋಧಕನಿಗೆ ಹಿಂಜರಿಕೆಯಾಗಬಹುದು. ಆದರೂ ರೈಲು ಎಂದರೆ ಅದರ ಸುತ್ತಲಿನ ಬದುಕು ಎಂಬ ಅವರ ಗ್ರಹಿಕೆ ಅನುಕರಣೀಯ.

ಕರ್ನಾಟಕದಲ್ಲೂ ಇಂಥ ಕಣ್ಣು ಇರಲಿಲ್ಲವೆಂದಲ್ಲ. ಮೈಸೂರಿನ ಟಿ.ಎಸ್. ಸತ್ಯನ್ ಸಾಮಾನ್ಯ ಜನರ ದಿನನಿತ್ಯದ ಬದುಕನ್ನೇ ತಮ್ಮ ಛಾಯಾಗ್ರಹಣದ ಕೇಂದ್ರವಾಗಿಸಿಕೊಂಡವರು. ಅವರು ತೋರಿಸಿದ ದಾರಿ ರೈಲ್ವೆಯಂಥ ಉದ್ಯೋಗಲೋಕಗಳ ವ್ಯವಸ್ಥಿತ ದಾಖಲೀಕರಣವಾಗಿ ಬೆಳೆಯಲಿಲ್ಲ. ಛಾಯಾಗ್ರಾಹಕನ ಕಣ್ಣು ಮತ್ತು ಜಾನಪದ ಸಂಗ್ರಾಹಕನ ಟೇಪ್ ರೆಕಾರ್ಡರ್ ಒಂದೇ ಗೂಡ್ಸ್ ಶೆಡ್ಡಿನಲ್ಲಿ ಭೇಟಿಯಾಗಬೇಕಿತ್ತು.

ಎರಡು ಸಂಗ್ರಹಾಲಯಗಳ ನಡುವೆ

ಈ ಕೊರತೆಯ ಮೂಲ ನಮ್ಮ ಸಂಸ್ಥೆಗಳ ವಿಂಗಡಣೆಯಲ್ಲಿದೆ. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ 1979ರಲ್ಲಿ ಆರಂಭವಾಯಿತು. ಹಳೆಯ ಎಂಜಿನ್ನುಗಳು, ರಾಜಮನೆತನದ ಬೋಗಿಗಳು, ಸಿಗ್ನಲ್ಲುಗಳು, ಛಾಯಾಚಿತ್ರಗಳು ಅಲ್ಲಿ ರಕ್ಷಣೆ ಪಡೆದಿವೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವೂ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವೂ ಕೃಷಿ, ಗೃಹಕೃತ್ಯ, ಬೇಟೆ, ಕಲೆಗಳ ಸಲಕರಣೆಗಳನ್ನು ಅಪಾರ ಶ್ರದ್ಧೆಯಿಂದ ಕೂಡಿಸಿವೆ. ಎರಡೂ ಬಗೆಯ ಸಂಗ್ರಹಗಳು ನಾಡಿನ ಹೆಮ್ಮೆ. ಆದರೆ ಹಮಾಲನ ಕೊಕ್ಕೆ, ತಲೆಯ ಸಿಂಬೆ, ಬೆನ್ನಿಗೆ ಹೊದೆಯುವ ಗೋಣಿತಾಟು, ಹತ್ತಿಳಿಯುವ ಹಲಗೆ, ಚೀಲದ ಬಾಯಿ ಹೊಲಿಯುವ ದಬ್ಬಳ ಎಲ್ಲಿಗೆ ಸೇರಬೇಕು? ರೈಲ್ವೆಗೆ ಅದು ರೈಲ್ವೆಯ ಆಸ್ತಿಯಲ್ಲ. ಜಾನಪದಕ್ಕೆ ಅದು ಹಳ್ಳಿಯ ವಸ್ತುವಲ್ಲ. ಹಳ್ಳಿಯಿಂದ ಹೊರಟ ಮೂಟೆ ಪೇಟೆಗೆ ತಲಪುವ ನಡುದಾರಿಯಲ್ಲೇ ನಮ್ಮ ಸಂಗ್ರಹದ ಎಲ್ಲೆ ಮುಗಿದಿದೆ.

ಪಾರಂಪರಿಕ ತಾಣಗಳ ಗುರುತಿಸುವಿಕೆಯಲ್ಲೂ ಇದೇ ಒಲವು ಕಾಣುತ್ತದೆ. ಯುನೆಸ್ಕೊ 1999ರಲ್ಲಿ ಡಾರ್ಜಿಲಿಂಗ್, 2005ರಲ್ಲಿ ನೀಲಗಿರಿ, 2008ರಲ್ಲಿ ಕಾಲ್ಕಾ–ಶಿಮ್ಲಾ ರೈಲುಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕಾಲ್ಕಾ–ಶಿಮ್ಲಾ ಮಾರ್ಗದ ಗೇಜು ಕೋಲಾರ ಸೀಮೆಯ ಮಾರ್ಗದ್ದೇ, 762 ಮಿಲಿಮೀಟರ್. ಗೇಜು ಒಂದೇ ಆದರೂ ಗತಿ ಬೇರೆ. ಗಿರಿಧಾಮಕ್ಕೆ ಏರುವ ಹಳಿಗೆ ಸೇತುವೆ, ಸುರಂಗ, ನೋಟಗಳ ಸೊಬಗಿತ್ತು. ಬಯಲುಸೀಮೆಯ ಕೆರೆ ಏರಿ, ರಾಗಿ ಹೊಲಗಳ ನಡುವೆ ಮೂಟೆ ಹೊತ್ತ ಹಳಿಗೆ ಅಂಥ ಸೊಬಗು ಇಲ್ಲವೆಂದು ಕಂಡಿತು. ಸುಂದರವಾದುದನ್ನು ಉಳಿಸುವುದು ಸುಲಭ, ಉಪಯುಕ್ತವಾಗಿದ್ದುದನ್ನು ನೆನೆಯುವುದು ಕಷ್ಟ.

ಈಚಿನ ವರ್ಷಗಳಲ್ಲಿ ಒಂದು ಆಶಾದಾಯಕ ಬೆಳವಣಿಗೆಯಾಗಿದೆ. ಯಲಹಂಕ–ಚಿಕ್ಕಬಳ್ಳಾಪುರ ಭಾಗದ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ನಿಲ್ದಾಣಗಳ ಶತಮಾನದ ಕಟ್ಟಡಗಳತ್ತ ಇಂಟಾಕ್ ಸಂಸ್ಥೆಯ ಬೆಂಗಳೂರು ಘಟಕ ಗಮನ ಸೆಳೆದು, ಅವುಗಳ ಪುನರುಜ್ಜೀವನಕ್ಕೆ ತೊಡಗಿದೆ. ಪಾಳುಬಿದ್ದಿದ್ದ ಪುಟ್ಟ ನಿಲ್ದಾಣಗಳು ಉಳಿಯುವ ದಾರಿ ಕಂಡಿರುವುದು ಸ್ತುತ್ಯ. ಈ ಕಟ್ಟಡಗಳಲ್ಲಿ ಮುಂದೆ ಚಿತ್ರಪ್ರದರ್ಶನ ನಡೆಸುವವರು ಎಂಜಿನ್ನಿನ ಚಿತ್ರದ ಪಕ್ಕದಲ್ಲಿ ಮೂಟೆಯ ಚಿತ್ರಕ್ಕೂ ಜಾಗ ಇಡಬೇಕೆಂಬುದು ಸಲ್ಲಬೇಕಾದ ನಿರೀಕ್ಷೆ.

ದಾಖಲೀಕರಣದ ದಾರಿ

ಮುಚ್ಚಿಹೋದ ಮಾರ್ಗದ ವಿಷಯದಲ್ಲಿ ಇನ್ನೇನು ಮಾಡಲು ಸಾಧ್ಯ? ಹೊಸ ಚಿತ್ರ ತೆಗೆಯಲು ಹಳೆಯ ಹಳಿಯಿಲ್ಲ. ಆದರೆ ತೆಗೆದ ಚಿತ್ರಗಳಿವೆ, ನೆನಪಿರುವ ಹಿರಿಯರು ಇನ್ನೂ ಇದ್ದಾರೆ. ಇವೆರಡನ್ನೂ ಕೂಡಿಸುವ ವಿಧಾನವೊಂದನ್ನು ಮಾನವಶಾಸ್ತ್ರ ಆಗಲೇ ರೂಪಿಸಿದೆ. ಜಾನ್ ಕಾಲಿಯರ್ 1957ರ ತಮ್ಮ ಲೇಖನದಲ್ಲಿ, ಛಾಯಾಚಿತ್ರವನ್ನು ಮುಂದಿಟ್ಟು ಸಂದರ್ಶನ ನಡೆಸಿದಾಗ ಬರಿಯ ಪ್ರಶ್ನೆಗೆ ಬಾರದ ವಿವರಗಳು ಹೊರಬರುತ್ತವೆ ಎಂಬುದನ್ನು ತೋರಿಸಿದರು. 1967ರಲ್ಲಿ ಅವರು ಬರೆದ ದೃಶ್ಯ ಮಾನವಶಾಸ್ತ್ರದ ಪುಸ್ತಕ ಈ ವಿಧಾನವನ್ನು ವಿಸ್ತರಿಸಿತು. ಹವ್ಯಾಸಿಗಳ ಸಂಗ್ರಹದಲ್ಲಿರುವ ನ್ಯಾರೋಗೇಜ್ ಚಿತ್ರಗಳನ್ನು ಬಂಗಾರಪೇಟೆ, ಕೋಲಾರ, ಚಿಂತಾಮಣಿ, ಯಲಹಂಕಗಳ ಹಿರಿಯರ ಮುಂದೆ ಇಡುವುದು ಈ ದಿಕ್ಕಿನ ಮೊದಲ ಹೆಜ್ಜೆ. ಛಾಯಾಗ್ರಾಹಕನಿಗೆ ಹಿನ್ನೆಲೆಯಾಗಿ ಕಂಡ ಅಂಚಿನ ಮನುಷ್ಯನೇ ಊರಿನವರಿಗೆ ಚಿತ್ರದ ನಾಯಕನಾಗಬಹುದು.

ಎರಡನೆಯದು ಭಾಷೆ. ಕೋಲಾರ ಸೀಮೆ ಕನ್ನಡ, ತೆಲುಗುಗಳು ಒಂದೇ ಮನೆಯಲ್ಲಿ ಬಾಳುವ ಸೀಮೆ. ಬಂಗಾರಪೇಟೆಯ ಕಡೆ ತಮಿಳು, ಪೇಟೆಗಳಲ್ಲಿ ದಖನಿ ಉರ್ದು ಸೇರಿಕೊಳ್ಳುತ್ತವೆ. ಇದರ ಮೇಲೆ ರೈಲ್ವೆಯ ಇಂಗ್ಲಿಷ್. ಮೂಟೆ ಎತ್ತುವಾಗಿನ ಕೂಗು, ಎಣಿಕೆಯ ಪದ, ಚೀಲದ ಹೆಸರು, ಬೈಗುಳ, ತಮಾಷೆಗಳಲ್ಲಿ ಈ ಐದೂ ಬೆರೆಯದೆ ಇರವು. ಸಂಗ್ರಾಹಕನು ಇದನ್ನು ಶುದ್ಧ ಕನ್ನಡಕ್ಕೆ ತಿದ್ದಿ ಬರೆದರೆ ದಾಖಲೆಯೇ ಕೆಡುತ್ತದೆ. ಆಡಿದ ಮಾತನ್ನು ಆಡಿದಂತೆ, ಯಾವ ಕೆಲಸದ ಯಾವ ಹಂತದಲ್ಲಿ ಆಡಿದ್ದು ಎಂಬ ಸಂದರ್ಭದೊಂದಿಗೆ ಬರೆದಿಡಬೇಕು.

ಮೂರನೆಯದು ಚಿತ್ರದ ಕೆಳಗಿನ ಬರಹ. ಎಂಜಿನ್ನಿನ ಸಂಖ್ಯೆ ಬರೆಯುವ ಶಿಸ್ತನ್ನೇ ಮನುಷ್ಯರಿಗೂ ಅನ್ವಯಿಸಬೇಕು. ಹೆಸರು, ಊರು, ಕಸುಬು, ಎಷ್ಟು ವರ್ಷದ ಕೆಲಸ, ಯಾರಿಂದ ಕಲಿತದ್ದು – ಇಷ್ಟು ವಿವರ ಚಿತ್ರಿತ ವ್ಯಕ್ತಿಯ ಒಪ್ಪಿಗೆಯಿಂದ ದಾಖಲಾಗಬೇಕು. ಹೆಸರು ಬೇಡವೆಂದವರ ಮಾತಿಗೂ ಮರ್ಯಾದೆ ಇರಬೇಕು. ನಾಲ್ಕನೆಯದು ಕೆಲಸದ ಅನುಕ್ರಮ. ಒಂದು ಸುಂದರ ಚಿತ್ರಕ್ಕಿಂತ, ಗಾಡಿಯಿಂದ ಇಳಿದ ಮೂಟೆ ತೂಕವಾಗಿ, ರಸೀದಿಯಾಗಿ, ವ್ಯಾಗನ್ ಏರಿ, ಬಾಗಿಲು ಮುಚ್ಚಿ ಮುದ್ರೆಯಾಗುವವರೆಗಿನ ಇಪ್ಪತ್ತು ಸಾಧಾರಣ ಚಿತ್ರಗಳು ಸಂಶೋಧನೆಗೆ ಹೆಚ್ಚು ಬೆಲೆಯುಳ್ಳವು. ಮುಂದಿನ ಪೀಳಿಗೆಯವನು ಅವುಗಳನ್ನು ನೋಡಿ ಆ ಕೆಲಸವನ್ನು ಮತ್ತೆ ಮಾಡಿ ತೋರಿಸಬಲ್ಲನಾದರೆ ದಾಖಲೆ ಪೂರ್ಣವಾದಂತೆ.

ಐದನೆಯದು ಸಂಗ್ರಹದ ನೆಲೆ. ಚಿತ್ರ ಒಬ್ಬರ ಬಳಿ, ಧ್ವನಿ ಇನ್ನೊಬ್ಬರ ಬಳಿ, ವಸ್ತು ಗುಜರಿಯಲ್ಲಿ ಎಂಬಂತಾಗಬಾರದು. ರೈಲ್ವೆ ವಸ್ತುಸಂಗ್ರಹಾಲಯ ಮತ್ತು ಜಾನಪದ ಸಂಸ್ಥೆಗಳು ಪರಸ್ಪರ ಪಟ್ಟಿಗಳನ್ನು ಹಂಚಿಕೊಂಡರೆ ಕೂಡ, ಈಗಿರುವ ಬಿರುಕು ಸ್ವಲ್ಪಮಟ್ಟಿಗೆ ಮುಚ್ಚುತ್ತದೆ. ಬಣ್ಣದ ಸ್ಲೈಡುಗಳು ಮಾಸುತ್ತವೆ, ಟೇಪುಗಳು ಕೆಡುತ್ತವೆ, ಮನುಷ್ಯರು ಇವೆರಡಕ್ಕಿಂತ ಬೇಗ ಹೋಗುತ್ತಾರೆ. ಆದ್ದರಿಂದ ಕೆಲಸದ ಆದ್ಯತೆ ಹಿರಿಯರ ಮಾತಿನಿಂದ ಆರಂಭವಾಗಬೇಕು.

ಉಪಸಂಹಾರ

ಬೆಂಗಳೂರು–ಕೋಲಾರ ಸೀಮೆಯ ನ್ಯಾರೋಗೇಜ್ ಮಾರ್ಗ ಸುಮಾರು ಒಂದು ಶತಮಾನದ ಕಾಲ ಬಯಲುಸೀಮೆಯ ಪೇಟೆಗಳನ್ನು ಬೆಸೆಯಿತು. ಎರಡು ದೊಡ್ಡ ಗೇಜುಗಳ ನಡುವೆ ಸಿಕ್ಕಿಕೊಂಡದ್ದೇ ಅದರ ಸ್ವರೂಪವನ್ನೂ, ಅಲ್ಲಿ ದುಡಿದವರ ಬದುಕನ್ನೂ, ಕೊನೆಗೆ ಅದರ ಮುಕ್ತಾಯವನ್ನೂ ನಿರ್ಧರಿಸಿತು. ಆ ಗಡಿಯಲ್ಲಿ ಮೂಟೆಯನ್ನು ಒಂದು ಹಳಿಯಿಂದ ಇನ್ನೊಂದು ಹಳಿಗೆ ದಾಟಿಸಿದ ಜನರೇ ಆ ಮಾರ್ಗದ ನಿಜವಾದ ಸೇತುವೆಗಳು. ರೈಲ್ವೆಯ ಕಡತ ಅವರನ್ನು ಖರ್ಚೆಂದು ಬರೆಯಿತು. ಕ್ಯಾಮೆರಾ ಅವರನ್ನು ಹಿನ್ನೆಲೆಯಾಗಿ ಹಿಡಿಯಿತು. ಜಾನಪದ ಸಂಗ್ರಹ ಅವರ ಬಾಗಿಲಿಗೆ ಹೋಗಲಿಲ್ಲ.

ಈ ಮಾತು ಕೋಲಾರ ಸೀಮೆಗೆ ಮಾತ್ರ ಸೀಮಿತವಲ್ಲ. ಅಳ್ನಾವರದಿಂದ ದಾಂಡೇಲಿಯ ಕಾಡಿಗೆ ಮರಕ್ಕಾಗಿ ಹೋದ ಕವಲುಮಾರ್ಗ, ತರೀಕೆರೆಯಿಂದ ನರಸಿಂಹರಾಜಪುರದ ಕಡೆಗೆ ಮಲೆನಾಡನ್ನು ಹೊಕ್ಕ ಪುಟ್ಟ ಟ್ರಾಮು, ಕಾರ್ಖಾನೆಗಳ ಒಳಕ್ಕೆ ಹರಿದ ಸೈಡಿಂಗುಗಳು – ಇವೆಲ್ಲವೂ ಇದೇ ಪ್ರಶ್ನೆಯನ್ನು ಎತ್ತುತ್ತವೆ. ಕಾರ್ಯವಿಧಾನ ಬದಲಾಗುತ್ತಿರುವ ಗೂಡ್ಸ್ ಶೆಡ್ಡು, ಮಂಡಿ, ಲಾರಿ ನಿಲ್ದಾಣಗಳಲ್ಲಿ ಇಂದಿಗೂ ಮೂಟೆ ಹೊರುವವರಿದ್ದಾರೆ. ಅವು ಮುಚ್ಚುವ ದಿನ ಗೊತ್ತಾದ ಮೇಲೆ ಕ್ಯಾಮೆರಾ ಹಿಡಿದು ಹೊರಡುವುದಕ್ಕಿಂತ, ಕೆಲಸ ನಡೆಯುತ್ತಿರುವಾಗಲೇ ಕೆಲಸದವರ ಹೆಸರಿನೊಂದಿಗೆ ದಾಖಲಿಸಿಡುವುದು ವಿಹಿತ. ನಾಡಿನ ಜಾನಪದ ಅಧ್ಯಯನದ ವ್ಯಾಪ್ತಿಯನ್ನು ಹೊಲದ ಬದುವಿನಿಂದ ಹಳಿಯ ಬದಿಯವರೆಗೆ ವಿಸ್ತರಿಸುವ ಹೊಣೆ ಸಂಶೋಧಕರದು, ಅದಕ್ಕೆ ನೆಲೆಯೊದಗಿಸುವ ಹೊಣೆ ಅಕಾಡೆಮಿ, ವಿಶ್ವವಿದ್ಯಾನಿಲಯ, ವಸ್ತುಸಂಗ್ರಹಾಲಯಗಳದು.